911ರ ಹೀಟರ್ ಬ್ಲೋಯರ್ ಕೆಟ್ಟಾಗ: ಬದಲಿಸಬೇಕೋ, ಬೈಪಾಸ್ ಮಾಡಬೇಕೋ?

ಕಾರು 1982ರ ಪೋರ್ಷೆ 911 ಎಸ್‌ಸಿ. ಹಿಂಬದಿಯಲ್ಲಿ 3.0 ಲೀಟರಿನ ಆರು ಸಿಲಿಂಡರ್ ಎಂಜಿನ್, ಎಡಗಡೆ ಸ್ಟಿಯರಿಂಗ್, ಹ್ಯಾಂಡ್‌ಬ್ರೇಕ್ ಪಕ್ಕದಲ್ಲಿ ಹೀಟರಿನ ಕೈ ಲಿವರ್‌ಗಳು. ದಕ್ಷಿಣ ಜರ್ಮನಿಯಲ್ಲಿ ವಾರಾಂತ್ಯಕ್ಕೆ ಮಾತ್ರ ರಸ್ತೆಗಿಳಿಯುವ ಗಾಡಿ. ದೂರು ಹೀಗಿತ್ತು: ಸಿಗ್ನಲ್‌ನಲ್ಲಿ ನಿಂತಾಗ ಒಳಗೆ ಬಿಸಿಗಾಳಿ ಬರುವುದಿಲ್ಲ, ಮುಂದಿನ ಗಾಜಿನ ಮಂಜು ಬಿಡುವುದಿಲ್ಲ, ಹೆದ್ದಾರಿಗೆ ಹತ್ತಿದ ಮೇಲೆ ಅಲ್ಪಸ್ವಲ್ಪ ಬೆಚ್ಚಗಾಗುತ್ತದೆ. ಲಿವರ್ ಎತ್ತಿದಾಗ ಮೊದಲು ಹಿಂದಿನಿಂದ ಕೇಳುತ್ತಿದ್ದ ಗುಂಯ್ ಎನ್ನುವ ಸದ್ದು ಈಗ ಇಲ್ಲ. ಒಂದೆರಡು ಸಲ ವೈರ್ ಸುಟ್ಟಂಥ ವಾಸನೆಯೂ ಬಂದಿತ್ತು.

ನಿಂತಾಗ ಇಲ್ಲ, ಓಡುವಾಗ ಸ್ವಲ್ಪ ಇದೆ ಎಂಬ ಮಾತಿನಲ್ಲೇ ಅರ್ಧ ಉತ್ತರ ಇದೆ. ಅದು ಅರ್ಥವಾಗಬೇಕಾದರೆ ಈ ಕಾರಿನಲ್ಲಿ ಬಿಸಿಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಬೇಕು.

ಗಾಳಿಯ ದಾರಿ

ಆ ಕಾಲದ 911ರ ಎಂಜಿನ್ ತಂಪಾಗುವುದು ಗಾಳಿಯಿಂದ. ರೇಡಿಯೇಟರ್ ಇಲ್ಲ, ಬಿಸಿನೀರಿಲ್ಲ. ಹಾಗಾಗಿ ಬೇರೆ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಬಿಸಿನೀರಿನ ಹೀಟರ್ ಇಲ್ಲಿ ಇರುವುದೇ ಇಲ್ಲ. ಎಂಜಿನ್ನಿನ ಹಿಂತುದಿಯಲ್ಲಿ ಆಲ್ಟರ್ನೇಟರ್ ಜೊತೆ ಒಂದೇ ಶಾಫ್ಟಿನಲ್ಲಿ ತಿರುಗುವ ದೊಡ್ಡ ಫ್ಯಾನ್ ಸಿಲಿಂಡರ್‌ಗಳ ಮೇಲೆ ಗಾಳಿ ಸುರಿಯುತ್ತದೆ. ಅದರಲ್ಲಿ ಒಂದು ಪಾಲು ಫ್ಯಾನಿನ ಹೊದಿಕೆಯ ಎಡಬದಿಯ ಬಾಯಿಯಿಂದ ಹೊರಟು, ಎಂಜಿನ್ ಕೋಣೆಯ ಎಡಕ್ಕೆ ಕೂತ ಎಲೆಕ್ಟ್ರಿಕ್ ಬ್ಲೋಯರ್ ಮೂಲಕ ಹಾದು, ಎರಡು ಕವಲಾಗುತ್ತದೆ. ಒಂದು ಎಡಗಡೆಯ ಹೀಟ್ ಎಕ್ಸ್‌ಚೇಂಜರಿಗೆ, ಇನ್ನೊಂದು ಎಂಜಿನ್ನನ್ನು ಅಡ್ಡಹಾಯ್ದು ಬಲಗಡೆಯದಕ್ಕೆ. ಎಕ್ಸ್‌ಚೇಂಜರ್ ಎಂದರೆ ಎಕ್ಸಾಸ್ಟ್ ಕೊಳವೆಗಳ ಸುತ್ತ ಹೊದಿಸಿದ ತಗಡಿನ ಕವಚ. ಕೊಳವೆಯ ಒಳಗೆ ಹೊಗೆ, ಹೊರಗೆ ನಮ್ಮ ಗಾಳಿ. ಅಲ್ಲಿ ಕಾದ ಗಾಳಿ ಮುಂದಿನ ಫ್ಲ್ಯಾಪ್ ಡಬ್ಬಿಗಳಿಗೆ ಬರುತ್ತದೆ. ಲಿವರ್ ಕೆಳಗಿದ್ದರೆ ಫ್ಲ್ಯಾಪ್ ಆ ಗಾಳಿಯನ್ನು ಕಾರಿನಡಿಗೆ ಚೆಲ್ಲುತ್ತದೆ, ಎತ್ತಿದರೆ ಬಾಗಿಲ ಕೆಳಗಿನ ಸಿಲ್ ಕೊಳವೆಗಳ ಮೂಲಕ ಕಾಲಬುಡಕ್ಕೂ ಮುಂದಿನ ಗಾಜಿಗೂ ಕಳಿಸುತ್ತದೆ.

ಅಂದರೆ ಗಾಳಿ ಕೊಡುವುದು ಎಂಜಿನ್ ಫ್ಯಾನ್, ಶಾಖ ಕೊಡುವುದು ಎಕ್ಸಾಸ್ಟ್. ನಡುವಿನ ಬ್ಲೋಯರ್ ಬರೀ ಸಹಾಯಕ. ಎಂಜಿನ್ ನಿಧಾನವಾಗಿದ್ದಾಗ ಫ್ಯಾನ್ ತಳ್ಳುವ ಗಾಳಿ ಸಾಲದು, ಆ ಕೊರತೆ ತುಂಬಲು ಅದನ್ನಿಟ್ಟಿದ್ದಾರೆ. 1970ರ ದಶಕದ ಆರಂಭದ 911ಗಳಲ್ಲಿ ಈ ಬ್ಲೋಯರ್ ಇರಲೇ ಇಲ್ಲ, ಹೊದಿಕೆಯಿಂದ ಎಕ್ಸ್‌ಚೇಂಜರಿಗೆ ನೇರವಾಗಿ ಹೋಸ್ ಹೋಗುತ್ತಿತ್ತು. ಬೈಪಾಸ್ ಮಾಡುವುದೆಂದರೆ ಕಾರನ್ನು ಆ ಹಳೆಯ ವ್ಯವಸ್ಥೆಗೆ ಮರಳಿಸುವುದು, ಅಷ್ಟೇ. ಹೀಗಾಗಿ ಇದನ್ನು ಕೈಗೆ ಬಂದಂತೆ ಮಾಡಿದ ಜುಗಾಡ್ ಎಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಅರ್ಧಂಬರ್ಧ ಮಾಡಿದರೆ ಎಂಜಿನ್ನಿಗೇ ಕುತ್ತು.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಬೇಕು. ಈ ಕಾರಿನ ಮುಂಭಾಗದಲ್ಲೂ, ಗಾಜಿನ ಬುಡದಲ್ಲಿ, ಒಂದು ಬ್ಲೋಯರ್ ಇದೆ. ಅದು ಹೊರಗಿನ ತಣ್ಣನೆಯ ಗಾಳಿ ಎಳೆಯುವುದು. ಡ್ಯಾಶ್‌ಬೋರ್ಡಿನ ಫ್ಯಾನ್ ಲಿವರ್ ಸರಿಸಿ, ಸದ್ದು ಕೇಳಿ, ಬ್ಲೋಯರ್ ಚೆನ್ನಾಗಿದೆ ಎಂದು ಹಿಂದಿನದನ್ನು ಮುಟ್ಟದೆ ಬಿಡುವವರು ಬಹಳ.

ಪರೀಕ್ಷೆ ಯಾವ ಕ್ರಮದಲ್ಲಿ ನಡೆಯಿತು

ಮೊದಲು ನೋಡಿದ್ದು ಫ್ಲ್ಯಾಪ್‌ಗಳನ್ನು, ಮೋಟಾರನ್ನಲ್ಲ. ಕಾರು ರ‍್ಯಾಂಪಿನ ಮೇಲೆ, ಒಬ್ಬರು ಒಳಗೆ ಕೂತು ಲಿವರ್ ಎತ್ತಿಳಿಸುವುದು, ಇನ್ನೊಬ್ಬರು ಕೆಳಗೆ ನಿಂತು ಎರಡೂ ಫ್ಲ್ಯಾಪ್ ತೋಳು ಪೂರ್ತಿ ತಿರುಗುತ್ತವೆಯೇ ಎಂದು ನೋಡುವುದು. ಚಳಿ ದೇಶದ ರಸ್ತೆಗೆ ಹಾಕುವ ಉಪ್ಪು ಈ ಡಬ್ಬಿಗಳನ್ನು ತಿಂದುಹಾಕುತ್ತದೆ, ಕೇಬಲ್ ಹಿಡಿದುಕೊಳ್ಳುತ್ತದೆ. ಫ್ಲ್ಯಾಪ್ ಜಾಮ್ ಆಗಿದ್ದರೆ ಹೊಸ ಬ್ಲೋಯರ್ ಹಾಕಿಯೂ ಪ್ರಯೋಜನವಿಲ್ಲ, ಕಾದ ಗಾಳಿಯೆಲ್ಲ ರಸ್ತೆಗೇ ಹೋಗುತ್ತದೆ. ಈ ಕಾರಿನಲ್ಲಿ ಎಡದ್ದು ಸರಾಗವಾಗಿತ್ತು. ಬಲದ್ದು ಮುಕ್ಕಾಲು ತಿರುಗಿ ನಿಲ್ಲುತ್ತಿತ್ತು. ಕೀಲಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯಿಡೀ ಬಿಟ್ಟು, ಮಾರನೆಯ ದಿನ ಕೈಯಲ್ಲಿ ಹತ್ತಾರು ಸಲ ಆಡಿಸಿ, ಕೇಬಲ್ ಹಿಡಿಯುವ ಸಣ್ಣ ಬೋಲ್ಟನ್ನು ಸಡಿಲಿಸಿ ಉದ್ದ ಸರಿಮಾಡಿದ ಮೇಲೆ ಪೂರ್ತಿ ತಿರುಗಿತು.

ಆಮೇಲೆ ಕರೆಂಟು. ಎಂಜಿನ್ ಕೋಣೆಯ ಎಡಗೋಡೆಯಲ್ಲೇ ಇಗ್ನಿಷನ್ನಿನ, ಅಂದರೆ ಕಿಡಿ ಹೊತ್ತಿಸುವ ವ್ಯವಸ್ಥೆಯ, ಸಿಡಿಐ ಡಬ್ಬಿಯೂ ಇದೆ. ಅದರೊಳಗೆ ಸುಮಾರು 400 ವೋಲ್ಟ್ ತಯಾರಾಗುತ್ತದೆ. ಇಗ್ನಿಷನ್ ಆನ್ ಇರುವಾಗ ಅದರ ಕನೆಕ್ಟರ್ ಬಳಿ ಕೈ ಹಾಕಕೂಡದು. ವೈರ್ ಬಿಚ್ಚುವ ಕೆಲಸವಿದ್ದರೆ ಮುಂದಿನ ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ಮೊದಲು ಕಳಚಬೇಕು.

ಫ್ಯೂಸ್ ಈ ಕಾಲದ ಕಾರುಗಳ ಹಳೆಯ ರೋಗ. ಪಿಂಗಾಣಿ ಮೈಯ, ಎರಡೂ ತುದಿ ಚೂಪಾದ ಫ್ಯೂಸ್‌ಗಳು. ಬಿಳಿ 8 ಆಂಪಿಯರ್, ಕೆಂಪು 16, ನೀಲಿ 25. ಇವುಗಳ ತುದಿಯನ್ನು ಹಿಡಿಯುವ ಹಿತ್ತಾಳೆಯ ಎಲೆಗಳು ಸಡಿಲಾಗಿ, ಮೇಲೆ ಕಿಲುಬು ಕೂತು, ಫ್ಯೂಸ್ ಉರಿಯದಿದ್ದರೂ ಕರೆಂಟು ಸರಿಯಾಗಿ ದಾಟುವುದಿಲ್ಲ. ಕಣ್ಣಲ್ಲಿ ನೋಡಿ ಸರಿಯಿದೆ ಎನ್ನಬಾರದು. ಫ್ಯೂಸ್ ತೆಗೆದು, ತುದಿಗಳನ್ನೂ ಎಲೆಗಳನ್ನೂ ಉಜ್ಜಿ, ಎಲೆಗಳನ್ನು ಸ್ವಲ್ಪ ಒಳಕ್ಕೆ ಬಾಗಿಸಿ ಬಿಗಿ ಮಾಡಿ, ಹೊಸ ಫ್ಯೂಸ್ ಹಾಕಬೇಕು. ಹಳೆಯದರ ಒಂದು ತುದಿ ಕಪ್ಪಾಗಿತ್ತು, ಅದರ ಪಕ್ಕದ ಪ್ಲಾಸ್ಟಿಕ್ ಕಂದಿತ್ತು. ಹೆಚ್ಚು ಕರೆಂಟು ಬಹಳ ಹೊತ್ತು ಹರಿದಿದೆ ಎಂಬುದಕ್ಕೆ ಇದೇ ಸಾಕ್ಷಿ.

ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚನ್ನು, ತೆಗೆದು ಅದರ ಸಾಕೆಟ್ಟಿನಲ್ಲಿ 30 ಮತ್ತು 87ನೇ ಕಾಲುಗಳ ನಡುವೆ ಫ್ಯೂಸ್ ಇರುವ ತುಂಡು ವೈರ್ ಜೋಡಿಸಲಾಯಿತು. ಜರ್ಮನ್ ಕಾರುಗಳ ರಿಲೇಯಲ್ಲಿ 30 ಎಂದರೆ ಬ್ಯಾಟರಿಯಿಂದ ಬರುವ ಪ್ಲಸ್, 87 ಎಂದರೆ ಹೊರಗೆ ಹೋಗುವುದು, 85 ಮತ್ತು 86 ಕಾಯಿಲ್. ಹೀಗೆ ಜೋಡಿಸಿದಾಗ ಬ್ಲೋಯರ್ ತಿರುಗಿದ್ದರೆ ತಪ್ಪು ರಿಲೇಯಲ್ಲೋ ಲಿವರ್ ಬುಡದ ಸ್ವಿಚ್ಚಿನಲ್ಲೋ ಇದೆ, ಮೋಟಾರ್ ಬಿಚ್ಚುವ ಅಗತ್ಯವಿಲ್ಲ ಎಂದಾಗುತ್ತಿತ್ತು. ತಿರುಗಲಿಲ್ಲ. ಕನೆಕ್ಟರ್ ಕಳಚಿ ಅಳೆದಾಗ 12.4 ವೋಲ್ಟ್ ಬಂತು, ಮೋಟಾರಿಗೆ ಜೋಡಿಸಿದೊಡನೆ 9ರ ಕೆಳಗೆ ಕುಸಿಯಿತು. ಹೊರೆ ಇಲ್ಲದಾಗ ಅಳೆದು ಕರೆಂಟು ಬರುತ್ತಿದೆ ಎಂದು ತೀರ್ಮಾನಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಕಂದು ವೈರ್ ಅರ್ಥ್. ಅದರ ತುದಿಯನ್ನು ಉಜ್ಜಿದ ಮೇಲೂ ಕುಸಿತ ಹಾಗೇ ಇತ್ತು. ಅಂದರೆ ಮೋಟಾರೇ ವಿಪರೀತ ಎಳೆಯುತ್ತಿದೆ.

ಕೊನೆಯ ಪರೀಕ್ಷೆ ಸುಲಭ, ಅಪಾಯವೂ ಇಲ್ಲ: ಹೆಡ್‌ಲೈಟಿನ 55 ವಾಟಿನ ಬಲ್ಬೊಂದನ್ನು ಮೋಟಾರಿನ ಸರಣಿಯಲ್ಲಿ ಕೂಡಿಸಿ ಬ್ಯಾಟರಿಗೆ ಹಚ್ಚುವುದು. ಮೋಟಾರ್ ತಿರುಗಿದರೆ ಬಲ್ಬ್ ಮಂದವಾಗುತ್ತದೆ. ಜಾಮ್ ಆಗಿದ್ದರೆ ಝಗ್ಗನೆ ಉರಿಯುತ್ತದೆ, ಆದರೆ ಕರೆಂಟು ಐದು ಆಂಪಿಯರ್ ದಾಟದ ಕಾರಣ ವೈರ್ ಸುಡುವುದಿಲ್ಲ. ಇಲ್ಲಿ ಝಗ್ಗನೆ ಉರಿಯಿತು. ತಿರುಗದ ಮೋಟಾರಿನ ಸುರುಳಿಯ ರೋಧ 0.4 ಓಮ್ ಎಂದುಕೊಂಡರೆ, ಬಲ್ಬ್ ಇಲ್ಲದೆ 12.4 ವೋಲ್ಟಿಗೆ 31 ಆಂಪಿಯರ್ ಎಳೆಯುತ್ತದೆ. 25ರ ಫ್ಯೂಸ್ ಅದನ್ನು ಕ್ಷಣದಲ್ಲಿ ಕಡಿಯುವುದಿಲ್ಲ, ಸಾಕಷ್ಟು ಹೊತ್ತು ತಡೆದುಕೊಂಡು ಸಾಕೆಟ್ಟನ್ನು ಕಾಯಿಸುತ್ತದೆ. ಸುಟ್ಟ ವಾಸನೆ ಬಂದದ್ದು ಅಲ್ಲಿಂದಲೇ.

ಮೋಟಾರ್ ಬಿಚ್ಚಿದಾಗ

ಬ್ಲೋಯರ್ ಹೊರತೆಗೆಯಲು ಎಂಜಿನ್ ಇಳಿಸಬೇಕಿಲ್ಲ, ಮೇಲಿನಿಂದಲೇ ಬರುತ್ತದೆ. ಹೋಸ್ ಕ್ಲಾಂಪ್‌ಗಳನ್ನು ಸಡಿಲಿಸಿ, ವೈರ್ ಕಳಚಿ, ಬ್ರ್ಯಾಕೆಟ್ ಬೋಲ್ಟ್ ಬಿಚ್ಚಿ, ಸ್ವಲ್ಪ ತಿರುಗಿಸಿ ಎತ್ತಬೇಕು. ತೆಗೆದ ಮರುಗಳಿಗೆಯೇ ಹೊದಿಕೆಯ ಬಾಯಿಗೂ ಕೆಳಗಿನ ತಗಡಿನ ತೂತುಗಳಿಗೂ ಬಟ್ಟೆ ತುರುಕಿಡಿ. ಅಲ್ಲಿ ಬಿದ್ದ ನಟ್ಟು ಸಿಲಿಂಡರಿನ ರೆಕ್ಕೆಗಳ ನಡುವೆ ಹೋಗಿ ಕೂತರೆ ತೆಗೆಯುವುದು ದೊಡ್ಡ ಫಜೀತಿ. ಬಟ್ಟೆ ಎಷ್ಟು ತುಂಡು ಹಾಕಿದಿರೆಂದು ಎಣಿಸಿಟ್ಟುಕೊಳ್ಳಿ, ಜೋಡಿಸುವಾಗ ಅಷ್ಟೂ ಹೊರಬರಬೇಕು.

ಒಳಗೆ ಒಣಗಿದ ಎಲೆಚೂರು, ಎಣ್ಣೆ ಹತ್ತಿದ ದೂಳು. ಶಾಫ್ಟ್ ಕೂರುವ ಕಂಚಿನ ಬುಷ್ ಒಣಗಿ ಶಾಫ್ಟನ್ನು ಕಚ್ಚಿಕೊಂಡಿತ್ತು. ಈ ಬುಷ್‌ಗಳು ಎಣ್ಣೆ ಹೀರಿಕೊಂಡಿರುವ ಸರಂಧ್ರ ಕಂಚಿನವು. ಮೂರು ನಾಲ್ಕು ದಶಕ ಎಂಜಿನ್ ಕೋಣೆಯ ಕಾವಿನಲ್ಲಿದ್ದರೆ ಎಣ್ಣೆ ಉಳಿಯುವುದಿಲ್ಲ. ಇಷ್ಟೇ ಆಗಿದ್ದರೆ ಮೋಟಾರನ್ನು ಉಳಿಸಿಕೊಳ್ಳಬಹುದಿತ್ತು: ಬುಷ್ ಬದಲಿಸಿ, ಹೊಸದನ್ನು ಹಾಕುವ ಮೊದಲು ತೆಳು ಎಣ್ಣೆಯಲ್ಲಿ ನೆನೆಸಿ, ಕಮ್ಯುಟೇಟರನ್ನು (ಬ್ರಷ್‌ಗಳು ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ) 600 ನಂಬರಿನ ಮರಳು ಕಾಗದದಿಂದ ಹೊಳೆಯಿಸಿ, ಅದರ ಪಟ್ಟಿಗಳ ನಡುವಿನ ಸಂದುಗಳಿಂದ ಇಂಗಾಲದ ಪುಡಿಯನ್ನು ಗೀರಿ ತೆಗೆದು, ಸವೆದ ಕಾರ್ಬನ್ ಬ್ರಷ್‌ಗಳ ಬದಲು ಅದೇ ಗಾತ್ರಕ್ಕೆ ಉಜ್ಜಿಕೊಂಡ ಹೊಸವನ್ನು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಎಮರಿ ಬಟ್ಟೆ ಬಳಸಬಾರದು, ಅದರ ಕಣಗಳು ಪಟ್ಟಿಗಳ ನಡುವೆ ಸಿಕ್ಕಿ ಶಾರ್ಟ್ ಮಾಡುತ್ತವೆ. ಆದರೆ ಈ ಮೋಟಾರಿನ ಆರ್ಮೇಚರ್ (ತಿರುಗುವ ಭಾಗ) ಸುರುಳಿಯ ವಾರ್ನಿಷ್ ಕರಿಕಾಗಿ ಉದುರುತ್ತಿತ್ತು. ಕಮ್ಯುಟೇಟರಿನಿಂದ ಶಾಫ್ಟಿಗೆ ಮೀಟರ್ ಹಿಡಿದರೆ ರೋಧವೇ ಇಲ್ಲ. ಸುರುಳಿ ಮೈಗೆ ತಾಗಿದೆ ಎಂದರ್ಥ. ಬುಷ್ ಕಚ್ಚಿಕೊಂಡದ್ದು ಮೂಲ, ಸುರುಳಿ ಸುಟ್ಟದ್ದು ಅದರ ಫಲ. ಲಿವರ್ ಎತ್ತಿದರೂ ಸದ್ದು ಬಾರದಿದ್ದಾಗ ಅದೇ ದಿನ ಫ್ಯೂಸ್ ಕಿತ್ತಿದ್ದರೆ ಈ ಮೋಟಾರ್ ಉಳಿಯುತ್ತಿತ್ತು.

ಯಾವ ದಾರಿ

ಮುಂದೆ ನಾಲ್ಕು ದಾರಿಗಳಿದ್ದವು. ಇಡೀ ಬ್ಲೋಯರ್ ಬದಲಿಸುವುದು ಮೂಲಕ್ಕೆ ನಿಷ್ಠವಾದದ್ದು, ದುಬಾರಿಯೂ ಹೌದು. ಬಳಸಿದ ಮಾಲು ಕೊಂಡರೆ ಅದೂ ಅಷ್ಟೇ ಹಳೆಯ ಬುಷ್‌ನದ್ದಾಗಿರುತ್ತದೆ. ಬಿಚ್ಚಿ ಎಣ್ಣೆ ಹಾಕದೆ ಜೋಡಿಸಬಾರದು. ದಿನಾ ಟ್ರಾಫಿಕ್‌ನಲ್ಲಿ, ಚಳಿಗಾಲದಲ್ಲೂ ಓಡುವ ಕಾರಾದರೆ ಇದೇ ಸರಿ. ಗಾಜಿನ ಮಂಜು ಬಿಡದ ಕಾರಿನಲ್ಲಿ ಊರೊಳಗೆ ಓಡಾಡುವುದು ಅಪಾಯ.

ಎರಡನೆಯದು ದೋಣಿಗಳ ತಳದ ಕೋಣೆಯಿಂದ ಗಾಳಿ ಹೊರತಳ್ಳಲು ಬಳಸುವ 12 ವೋಲ್ಟಿನ ಬ್ಲೋಯರನ್ನು ಹೋಸ್ ನಡುವೆ ಕೂರಿಸುವುದು. 3 ಅಥವಾ 4 ಇಂಚಿನ ಬಾಯಿಯವು ಸಿಗುತ್ತವೆ. ಎಕ್ಸ್‌ಚೇಂಜರಿಗಿಂತ ಮೊದಲೇ, ತಣ್ಣನೆಯ ಗಾಳಿ ಇರುವ ಕಡೆ ಕೂರಿಸಿದರೆ ಬಾಳುತ್ತದೆ, ಆಮೇಲೆ ಕೂರಿಸಿದರೆ ಕರಗಿಹೋಗುತ್ತದೆ. ಲೇಬಲ್ಲಿನಲ್ಲಿರುವ ಆಂಪಿಯರ್ ನೋಡಿ ಫ್ಯೂಸ್ ಇಳಿಸಬೇಕು, 25 ಹಾಗೇ ಬಿಡಬಾರದು.

ಮೂರನೆಯದು ಬಹಳ ಅಗ್ಗ: ಮೋಟಾರ್ ಮತ್ತು ಅದರ ಚಕ್ರವನ್ನು ತೆಗೆದು, ಖಾಲಿ ಕವಚವನ್ನೇ ಕೊಳವೆಯಾಗಿ ಬಳಸುವುದು. ಮೋಟಾರ್ ಇದ್ದ ತೂತಿಗೆ 1.5 ಎಂಎಂ ಅಲ್ಯೂಮಿನಿಯಂ ತಗಡು, ಅಂಚಿಗೆ ಶಾಖ ತಡೆಯುವ ಸಿಲಿಕೋನ್, ಸುತ್ತ ಸಣ್ಣ ಬೋಲ್ಟ್. ಹಳೆಯ ಹೋಸ್‌ಗಳೇ ಸಾಕಾಗುತ್ತವೆ, ಮುಂದೆಂದಾದರೂ ಮೋಟಾರ್ ಸಿಕ್ಕರೆ ವಾಪಸ್ ಹಾಕಬಹುದು. ಕವಚ ಗಟ್ಟಿಯಿದ್ದಿದ್ದರೆ ಇಲ್ಲೂ ಇದನ್ನೇ ಮಾಡಬಹುದಿತ್ತು. ಆದರೆ ಕ್ಲಾಂಪ್ ಕೂರುವ ಕುತ್ತಿಗೆ ಎರಡು ಕಡೆ ಸೀಳಿತ್ತು.

ಉಳಿದದ್ದು ನಾಲ್ಕನೆಯದು: ಕವಚವನ್ನೂ ತೆಗೆದು, ಹೊದಿಕೆಯ ಬಾಯಿಯಿಂದ ಎರಡೂ ಎಕ್ಸ್‌ಚೇಂಜರಿಗೆ ನೇರವಾಗಿ ಕವಲು ಕೊಳವೆ ಹಾಕುವುದು. ವಾರಾಂತ್ಯದ, ಹೆದ್ದಾರಿಯ ಕಾರಿಗೆ ಇದು ತಕ್ಕುದು. ನಿಂತಿರುವ ಚಕ್ರದ ಅಡ್ಡಿಯೂ ಹೋಗುವುದರಿಂದ, ಓಡುವಾಗ ಕೆಟ್ಟ ಬ್ಲೋಯರ್ ಇದ್ದಾಗಿನದಕ್ಕಿಂತ ಹೆಚ್ಚೇ ಗಾಳಿ ಬರುತ್ತದೆ.

ಐದನೆಯದೊಂದನ್ನು ಕೆಲವರು ಮಾಡುತ್ತಾರೆ, ಅದನ್ನು ಮಾಡಲೇಬಾರದು. ಬ್ಲೋಯರ್ ಕಿತ್ತು ಎಲ್ಲವನ್ನೂ ಬಾಯ್ದೆರೆದು ಬಿಡುವುದು. ಹೊದಿಕೆಯ ಬಾಯಿ ತೆರೆದಿದ್ದರೆ ಸಿಲಿಂಡರಿಗೆ ಹೋಗಬೇಕಾದ ಗಾಳಿ ಎಂಜಿನ್ ಕೋಣೆಗೆ ಸೋರುತ್ತದೆ. ತಗಡಿನ ತೂತುಗಳು ತೆರೆದಿದ್ದರೆ ಇನ್ನೂ ಕೆಟ್ಟದ್ದು. ಎಂಜಿನ್ ಸುತ್ತಲಿನ ಆ ತಗಡು ಇರುವುದೇ ಮೇಲಿನ ತಣ್ಣನೆಯ ಗಾಳಿಯನ್ನೂ ಕೆಳಗಿನ ಎಕ್ಸಾಸ್ಟಿನ ಬಿಸಿಗಾಳಿಯನ್ನೂ ಬೇರೆಯಿಡಲು. ತೂತು ಬಿಟ್ಟರೆ ಫ್ಯಾನ್ ಆ ಬಿಸಿಗಾಳಿಯನ್ನೇ ಎಳೆದು ಮತ್ತೆ ಸಿಲಿಂಡರಿನ ಮೇಲೆ ಸುರಿಯುತ್ತದೆ. ಬಾಯಿಯನ್ನು ಮುಚ್ಚಿ ಎಕ್ಸ್‌ಚೇಂಜರನ್ನು ಮಾತ್ರ ಉಳಿಸಿಕೊಳ್ಳುವುದೂ ತಪ್ಪೇ. ಒಳಗೆ ಗಾಳಿ ಹರಿಯದ ಕವಚ ಕಾದು ಬೇಗ ಹಾಳಾಗುತ್ತದೆ. ಹೀಟರ್ ಬೇಡವೇ ಬೇಡ ಎಂದರೆ ಎಕ್ಸ್‌ಚೇಂಜರ್ ತೆಗೆದು ಕವಚವಿಲ್ಲದ ಬರಿಯ ಎಕ್ಸಾಸ್ಟ್ ಕೊಳವೆ (ಹೆಡರ್) ಹಾಕಿ, ಆಮೇಲೆ ಎಲ್ಲ ತೂತು ಮುಚ್ಚಬೇಕು.

ಜೋಡಣೆಗೆ ಮೊದಲು ಹೊಗೆಯ ಪರೀಕ್ಷೆ

ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು, ಬಿಡಲೇಬಾರದ ಹೆಜ್ಜೆಯೂ ಇದೇ. ಎಕ್ಸ್‌ಚೇಂಜರಿನ ಒಳಕೊಳವೆಯಲ್ಲಿ ಒಂದು ಸಣ್ಣ ತೂತು ಬಿದ್ದಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರ ಕಾರಿನೊಳಕ್ಕೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಟರ್ ಸರಿಯಾಗಿ ಬಾರದ ಕಾರಿನಲ್ಲಿ ಅದು ಬರುವುದೂ ಕಡಿಮೆ. ಹೀಟರ್ ರಿಪೇರಿಯಾದ ದಿನ ವಿಷವೂ ಜೋರಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಎಕ್ಸ್‌ಚೇಂಜರಿನ ಮೇಲಿನ ಹೋಸ್ ಕಳಚಿ, ಫ್ಲ್ಯಾಪ್ ಡಬ್ಬಿಯ ಕಡೆಯೂ ಬಿಚ್ಚಿ, ಸೈಲೆನ್ಸರಿನ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಊದುವ ತುದಿಯನ್ನು ಬಟ್ಟೆ ಸುತ್ತಿ ಹಿಡಿದು ಗಾಳಿ ಊದಬೇಕು. ಕವಚದ ಬಾಯಿಗಳಲ್ಲಿ ಗಾಳಿ ಬಂದರೆ ಒಳಕೊಳವೆ ತೂತಾಗಿದೆ. ಎಕ್ಸ್‌ಚೇಂಜರ್ ಸಿಲಿಂಡರ್ ಹೆಡ್ಡಿಗೆ ಸೇರುವ ಕಡೆಯ ಗ್ಯಾಸ್ಕೆಟ್ ಬಳಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಇಲ್ಲಿ ಎರಡೂ ಕಡೆ ಗಟ್ಟಿಯಾಗಿತ್ತು. ಎಡ ವಾಲ್ವ್ ಕವರಿನ ಕೆಳಗಿನ ಗ್ಯಾಸ್ಕೆಟ್ಟಿನಿಂದ ಮಾತ್ರ ಎಣ್ಣೆ ಜಿನುಗಿ ಎಕ್ಸ್‌ಚೇಂಜರಿನ ಮೇಲೆ ಬಿದ್ದಿತ್ತು. ಅದನ್ನು ಬದಲಿಸಿ, ಮೇಲ್ಮೈ ಒರೆಸಲಾಯಿತು. ಇಲ್ಲದಿದ್ದರೆ ಸುಟ್ಟೆಣ್ಣೆಯ ವಾಸನೆ ಒಳಗೆ ಬಂದು, ನಿಜವಾದ ಹೊಗೆ ಸೋರಿಕೆಯನ್ನು ಅದರಿಂದ ಬೇರ್ಪಡಿಸಿ ಹೇಳುವುದೇ ಕಷ್ಟವಾಗುತ್ತದೆ.

ಜೋಡಣೆ, ಮತ್ತು ಅಲ್ಲಿ ಆದ ತಪ್ಪು

ಕವಲು ಕೊಳವೆ ಸಿದ್ಧವಾಗಿಯೇ ಮಾರಾಟಕ್ಕಿದೆ. ಹೋಸ್‌ಗಳನ್ನು ಮಾತ್ರ ಕಣ್ಣಳತೆಯಲ್ಲಿ ತರಬಾರದು, ಪ್ರತಿ ಕುತ್ತಿಗೆಯ ಹೊರವ್ಯಾಸವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಂಡು ತರಬೇಕು. ಹಳೆಯವು ಕಾಗದ ಮತ್ತು ಅಲ್ಯೂಮಿನಿಯಂ ಪದರದವು, ಬಗ್ಗಿಸಿದೊಡನೆ ಹರಿದವು. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ತೆಳು ಅಲ್ಯೂಮಿನಿಯಂ ಹೋಸ್ ಅಗ್ಗಕ್ಕೆ ಸಿಗುತ್ತದೆ, ಎಂಜಿನ್ನಿನ ಕಂಪನಕ್ಕೆ ಒಂದೇ ಋತುವಿನಲ್ಲಿ ಸೀಳುತ್ತದೆ. ಪಿವಿಸಿ ಮಾತೇ ಬೇಡ. ಸಣ್ಣ ವಿಮಾನಗಳಲ್ಲಿ ಬಳಸುವ, ಗಾಜಿನ ನೂಲಿಗೆ ಸಿಲಿಕೋನ್ ಲೇಪಿಸಿ ಒಳಗೆ ತಂತಿ ಸುತ್ತಿದ ಹೋಸ್ ಹೆಚ್ಚಿನ ಶಾಖವನ್ನೂ ತಡೆಯುತ್ತದೆ, ಅದನ್ನೇ ಹಾಕಲಾಯಿತು.

ಮೊದಲು ಬಲಗಡೆಯ ಅಡ್ಡ ಕೊಳವೆ, ಆಮೇಲೆ ಎಡ, ಕೊನೆಗೆ ಹೊದಿಕೆಯ ಬಾಯಿ. ಹೋಸ್ ತಗಡನ್ನು ದಾಟುವಲ್ಲಿ ರಬ್ಬರ್ ಉಂಗುರ ಇರಲೇಬೇಕು, ಇಲ್ಲಿ ಬಲಗಡೆಯದು ಚೂರಾಗಿತ್ತು, ಹೊಸದು ಹಾಕಲಾಯಿತು. ಕ್ಲಾಂಪಿನ ಸ್ಕ್ರೂ ತಲೆ ಮೇಲ್ಮುಖವಾಗಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟುವಂತೆ ಇರಬೇಕು. ವೈರಿಂಗ್ ಕಡೆ, ಬ್ಲೋಯರಿನ ಫ್ಯೂಸ್ ಮತ್ತು ರಿಲೇ ಎರಡನ್ನೂ ತೆಗೆಯಲಾಯಿತು. ರಿಲೇ ಬಿಟ್ಟರೆ ಲಿವರ್ ಎತ್ತಿದಾಗಲೆಲ್ಲ ಖಾಲಿ ಕನೆಕ್ಟರಿಗೆ 12 ವೋಲ್ಟ್ ಬಂದು, ತಗಡಿಗೆ ತಾಗಿದರೆ ಶಾರ್ಟ್. ಫ್ಯೂಸ್ ತೆಗೆದ ಮೇಲೆ ಹಿಂದಿನ ಗಾಜಿನ ಹೀಟರ್ ಇತ್ಯಾದಿ ಕೆಲಸ ಮಾಡುತ್ತಿವೆಯೇ ಎಂದು ನೋಡಿದ್ದಾಯಿತು. ಕನೆಕ್ಟರನ್ನು ಕತ್ತರಿಸದೆ, ಕಾಯಿಸಿದರೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ (ಶ್ರಿಂಕ್) ತೊಡಿಸಿ, ಮೂಲ ವೈರಿಂಗಿಗೆ ಕಟ್ಟಿಡಲಾಯಿತು.

ಮೊದಲ ಓಟದಲ್ಲಿ ಎಡಬದಿಯ ಕಾಲಬುಡಕ್ಕೆ ಬಿಸಿ, ಬಲಬದಿಗೆ ತಣ್ಣಗೆ. ಬಲ ಫ್ಲ್ಯಾಪ್ ಮತ್ತೆ ಜಾಮ್ ಆಗಿದೆ ಎಂದು ಅನುಮಾನ ಮೊದಲು ಅಲ್ಲಿಗೇ ಹೋಯಿತು. ಆದರೆ ಫ್ಲ್ಯಾಪ್ ಪೂರ್ತಿ ತಿರುಗುತ್ತಿತ್ತು. ತಪ್ಪು ಇದ್ದದ್ದು ಅಡ್ಡ ಕೊಳವೆಯ ದೂರದ ತುದಿಯಲ್ಲಿ: ಹೋಸ್ ಕುತ್ತಿಗೆಯ ಮೇಲೆ ಪೂರ್ತಿ ಏರದೆ, ಕ್ಲಾಂಪ್ ಬರೀ ಹೋಸನ್ನೇ ಹಿಸುಕಿಕೊಂಡಿತ್ತು. ಮೇಲಿನಿಂದ ನೋಡಿದರೆ ಬಿಗಿಯಾಗಿಯೇ ಕಾಣುತ್ತಿತ್ತು. ಬಲಕ್ಕೆ ಹೋಗುವ ದಾರಿ ಹೇಗೂ ಉದ್ದ, ಸ್ವಲ್ಪ ಸೋರಿದರೂ ಗಾಳಿಯೆಲ್ಲ ಹತ್ತಿರದ ಎಡಕ್ಕೇ ಓಡುತ್ತದೆ. ಹೋಸಿನ ಒಳಕ್ಕೆ ಸ್ವಲ್ಪ ಸೋಪಿನ ನೀರು ಹಚ್ಚಿ, 25 ಎಂಎಂ ಒಳಕ್ಕೆ ಏರಿಸಿ, ಕುತ್ತಿಗೆಯ ಉಬ್ಬಿನ ಹಿಂದೆ ಕ್ಲಾಂಪ್ ಬಿಗಿದ ಮೇಲೆ ಎರಡೂ ಕಡೆ ಸಮವಾಯಿತು. ಎಂಜಿನ್ ಓಡುವಾಗ ಪ್ರತಿ ಜೋಡಣೆಯ ಸುತ್ತ ಊದುಬತ್ತಿಯ ಹೊಗೆ ಹಿಡಿದು ನೋಡಿದರೆ ಇಂಥ ಸೋರಿಕೆ ಮೊದಲೇ ಸಿಗುತ್ತದೆ. ಫ್ಯಾನ್ ಬೆಲ್ಟಿನಿಂದ ಕೈಯನ್ನೂ ತೋಳನ್ನೂ ದೂರವಿಡಬೇಕು.

ಫಲ ನಿರೀಕ್ಷಿಸಿದಂತೆಯೇ ಇದೆ. ನಿಂತು ಐಡಲ್ ಮಾಡುವಾಗ ಬಿಸಿ ಮಂದ, 2500 ಆರ್‌ಪಿಎಂ ದಾಟಿದರೆ ಧಾರಾಳ, ಹೆದ್ದಾರಿಯಲ್ಲಿ ಲಿವರನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ. ಎಣ್ಣೆಯ ತಾಪ ತೋರಿಸುವ ಮುಳ್ಳು ಮೊದಲಿದ್ದಲ್ಲೇ ನಿಂತಿದೆ. ಅದು ಮೇಲೇರಿದ್ದರೆ ಯಾವುದೋ ತೂತು ಮುಚ್ಚದೆ ಉಳಿದಿದೆ ಎಂದರ್ಥ. ಬೆಳಗಿನ ಮಂಜಿಗೆ, ಕಾರು ಹೊರಡಿಸುವ ಮೊದಲೇ ಗಾಜು ಒರೆಸಿಕೊಳ್ಳಬೇಕು. ನಿಂತಲ್ಲೇ ಕಾಯುತ್ತ ಕೂತರೆ ಹೀಟರ್ ಅದನ್ನು ಬಿಡಿಸುವುದಿಲ್ಲ.

ಒಳಗೆ ಈಗ ಅಂಕಿ ತೋರಿಸುವ ಕಾರ್ಬನ್ ಮಾನಾಕ್ಸೈಡ್ ಮೀಟರ್ ಇದೆ. ಮನೆಯ ಸಾಮಾನ್ಯ ಅಲಾರ್ಮ್ ಇಲ್ಲಿಗೆ ಸಾಲದು. ಯುರೋಪಿನ ಮಾನದಂಡದ ಪ್ರಕಾರ ಅದು 50 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಕೂಗಲು ಒಂದರಿಂದ ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ಹೀಟರ್ ಪೂರ್ತಿ ತೆರೆದು ಓಡಿಸುವಾಗ ಸೊನ್ನೆ ಬಿಟ್ಟು ಬೇರೆ ಅಂಕಿ ಸ್ಥಿರವಾಗಿ ಕಂಡರೆ ಲಿವರ್ ಇಳಿಸಿ, ಕಿಟಕಿ ತೆರೆದು, ಕಾರನ್ನು ಮತ್ತೆ ರ‍್ಯಾಂಪಿಗೆ ಏರಿಸಬೇಕು. ಕ್ಲಾಂಪ್‌ಗಳನ್ನು 500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಮರುಬಿಗಿ ಮಾಡಲಾಗಿದೆ. ಹೊಸ ಹೋಸ್ ಕಾದು ಕೂತ ಮೇಲೆ ಅರ್ಧ ಸುತ್ತು ಸಡಿಲಾಗುವುದು ಸಹಜ. ತೆಗೆದ ಕವಚ, ಬ್ರ್ಯಾಕೆಟ್, ರಿಲೇ ಎಲ್ಲವೂ ಚೀಟಿ ಅಂಟಿಸಿದ ಒಂದು ಪೆಟ್ಟಿಗೆಯಲ್ಲಿ ಕಾರಿನ ಕಾಗದಪತ್ರಗಳ ಜೊತೆ ಇವೆ. ಮುಂದಿನ ಮಾಲೀಕರಿಗೆ ಮೂಲ ಬ್ಲೋಯರೇ ಬೇಕೆನಿಸಿದರೆ ಅವರು ಹುಡುಕಬೇಕಾದದ್ದು ಒಂದು ಮೋಟಾರ್ ಮತ್ತು ಸೀಳದ ಒಂದು ಕವಚ ಮಾತ್ರ.